ಬಾಗಿಲು ಬಿಟ್ಟು ಓಡಿದ ಓದೀಲ್

ಪ್ಯಾರಿಸ್ಸಿನ ಸೇನ್ ನದಿಯ ಮೇಲೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮ್ಯೂಸಿಯಮ್ಮಿನ ಬಾಗಿಲ ಮುಂದೆ ಓದೀಲ್ ಕೆಮೆನೂರ್ ಹಗ್ಗದ ಕಂಬಗಳನ್ನು ಎಳೆದು ಸಾಲು ಮಾಡುತ್ತಿದ್ದಾರೆ. ಮುಂಗಡ ಟಿಕೆಟ್ ಇದ್ದವರಿಗೆ ಒಂದು ಸಾಲು, ಇಲ್ಲದವರಿಗೆ ಇನ್ನೊಂದು. ಇಟ್ಟ ಕಂಬವನ್ನೇ ಮತ್ತೆ ಸರಿಸುತ್ತಾರೆ, ಟಿಕೆಟ್ ಓದುವ ಯಂತ್ರವನ್ನು ಒತ್ತಿ ನೋಡುತ್ತಾರೆ, ಗಡಿಯಾರದತ್ತ ಕತ್ತು ಹೊರಳಿಸುತ್ತಾರೆ.

“ನಿಂತು ಮಾಡೋ ಕೆಲ್ಸಕ್ಕೆ ನಿಲ್ಲಕ್ಕೇ ಆಗ್ದೇ ಇರೋಳ್ನ ಇಟ್ಕೊಂಡಿದಾರೆ ನೋಡಿ,” ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ.

ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ಮೀನಿನ ಡಬ್ಬಿ ತುಂಬುತ್ತಿದ್ದವರು, ಕಾರ್ಖಾನೆ ಮುಚ್ಚಿದ ಮೇಲೆ ಪ್ಯಾರಿಸ್ಸಿಗೆ ಬಂದರು. ಬಿಡಿ ಬಣ್ಣದ ಗೀಟುಗಳಲ್ಲೇ ಬೆಳಕನ್ನು ಹಿಡಿಯುವ ಇಂಪ್ರೆಷನಿಸ್ಟ್ ಚಿತ್ರ ನೋಡಲು ದಿನಕ್ಕೆ ಸಾವಿರಾರು ಜನ ಇವರ ಮುಂದೆ ಹಾದುಹೋಗುತ್ತಾರೆ. ಮುಖ ನೋಡುವವರು ಕಡಿಮೆ. ಹೊತ್ತು ಮೀರಿ ಬಂದವರು ಮಾತ್ರ ನೋಡುತ್ತಾರೆ, ಬೈಯಲು.

ಕಳೆದ ಮಾರ್ಚಿನಲ್ಲಿ ಲಿಮೋಜ್ ಊರಿನಿಂದ ಬಂದ ಮುದುಕ ಫೆರ್ನಾಂ ಬೈಯಲಿಲ್ಲ. ರೈಲು ಮುಷ್ಕರದಿಂದಾಗಿ ಬೆಳಗಿನ ಹೊತ್ತಿಗೆ ಕಾದಿರಿಸಿದ ಮ್ಯೂಸಿಯಮ್ ಟಿಕೆಟ್ ಹಿಡಿದು ಮಧ್ಯಾಹ್ನ ತಲುಪಿದ್ದರು. ಆ ದಿನದ ಟಿಕೆಟ್ಟೆಲ್ಲ ಮುಗಿದಿತ್ತು.

“ಆಗಲ್ಲ ಮೊಸ್ಯು, ಹೊತ್ತು ಮೀರಿದೆ,” ಎಂದರು ಓದೀಲ್.

ಜೊತೆಗಿದ್ದ ಹೆಂಡತಿ ಸೊಲಾಂಜ್ ಟಿಕೆಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. “ಬಾ ಫೆರ್ನಾಂ, ಹೋಗೋಣ. ನದಿಯಾದ್ರೂ ನೋಡಿದ್ವಲ್ಲ.”

ಇಬ್ಬರೂ ಕೈ ಹಿಡಿದು ರಸ್ತೆ ದಾಟಿದರು. ಮುಂದಿನವರ ಟಿಕೆಟ್ ಓದಿಸುತ್ತಿದ್ದ ಓದೀಲ್‌ಗೆ ಆ ಮೂಗಿಗೆ ಹಿಡಿದ ಟಿಕೆಟ್ ಕಣ್ಣ ಮುಂದಿನಿಂದ ಹೋಗಲಿಲ್ಲ. ಒಂದೇ ಟಿಕೆಟನ್ನು ಮತ್ತೆ ಮತ್ತೆ ಓದಿಸಿದರು.

“ಆಕೆಗೆ ಕಣ್ಣು ಹೋಗ್ತಾ ಇದೆ ಅಂತ ಆಗ ಹೊಳೀತು. ನಾಳೆ ಬನ್ನಿ ಅಂತ ಹೇಗೆ ಹೇಳ್ಲಿ?” ಎನ್ನುತ್ತಾರೆ ಓದೀಲ್ ಈಗ.

ಯಂತ್ರವನ್ನು ಪಕ್ಕದಲ್ಲಿ ಚೀಲ ತಪಾಸಣೆ ಮಾಡುತ್ತಿದ್ದ ಹುಡುಗ ಸೆಗಾನ ಕೈಗೆ ತುರುಕಿ ಓಡಿದರು. “ಏ ಓದೀಲಕ್ಕಾ, ಎಲ್ಲಿಗೆ? ಇವ್ರೆಲ್ಲ ನನ್ನ ತಿಂದುಹಾಕ್ತಾರೆ!” ಎಂದು ಸೆಗಾ ಕೂಗಿದ. ಸಾಲಿನಲ್ಲಿ ಗಲಾಟೆಯೆದ್ದಿತು. ಅತ್ತ ಬಸ್ಸು ಬಂದು ನಿಂತಿತ್ತು, ಫೆರ್ನಾಂ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಾಗಿತ್ತು. ಓದೀಲ್ ಓಡಿಬಂದು ಮುದುಕನ ತೋಳು ಹಿಡಿದೇ ಎಳೆದರು.

ಇಬ್ಬರನ್ನೂ ಒಳಗೆ ಬಿಟ್ಟು ತಿರುಗಿದರೆ ಮೇಲ್ವಿಚಾರಕ ನಿಂತಿದ್ದಾನೆ. “ಅಧಿಕಾರ ಯಾರು ಕೊಟ್ರು?”

“ಯಾರೂ ಕೊಡ್ಲಿಲ್ಲ.”

ಆ ಕ್ಷಣವೇ ಓದೀಲ್‌ರನ್ನು, ನೋಡಲು ಬಂದವರ ಕೋಟು ಕಾಯುವ ಕೋಣೆಗೆ ಅಟ್ಟಿದ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದೆ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದಾಗ, ಮುಚ್ಚುವ ಹೊತ್ತಿಗೆ ಸೊಲಾಂಜ್ ಒಳಹೋಗುವಾಗ ಬಿಟ್ಟಿದ್ದ ಕೋಟು ಕೇಳಿಕೊಂಡು ಬಂದರು. ದನಿಯಿಂದಲೇ ಓದೀಲ್‌ರ ಗುರುತು ಹಿಡಿದರು.

“ಆ ಚಿತ್ರಗಳ ಹತ್ತಿರ ಹೋದ್ರೆ ಬರೀ ಬಣ್ಣದ ಮಬ್ಬು ಕಣಮ್ಮ! ನಂಗೀಗ ಎಲ್ಲಾನೂ ಹಾಗೇ ಕಾಣೋದು. ಮಬ್ಬು ಇಷ್ಟು ಚೆಂದ ಇರತ್ತೆ ಅಂತ ಗೊತ್ತಿರ್ಲಿಲ್ಲ. ಭಯ ಸ್ವಲ್ಪ ಕಮ್ಮಿ ಆಯ್ತು,” ಎಂದು ನಕ್ಕರು.

ವಾರದ ಬಳಿಕ ಓದೀಲ್ ಬಾಗಿಲಿಗೆ ಮರಳಿದರು. ಈಗಲೂ ಮಾತಿನ ನಡುವೆ ಕಂಬ ಸರಿಸುತ್ತಲೇ ಇದ್ದಾರೆ.

“ಕೋಟಿನ ಕೋಣೆಗೆ ಹಾಕಿದ್ದು ಶಿಕ್ಷೆ ಅಂತೆ,” ಎನ್ನುತ್ತಾರೆ. “ಸೊಲಾಂಜಮ್ಮಂಗೆ ಆವತ್ತು ಕೋಟು ತೊಡಿಸಿದ್ದು ನಾನು. ಗುಂಡಿಗಳ್ನೂ ನಾನೇ ಹಾಕ್ದೆ.”