ನೀರು ಕುಡಿದು ತೋರಿಸಿದ್ದು

“ಯಾರ ಸುದ್ದಿ ತಂದಿಯೋ ತಮ್ಮಾ? ಹೊಳಿ ಆಚೆ ನಮ್ಮ ತಂಗಿ ಹಾಸಿಗಿ ಹಿಡದಾಳ. ಹ್ವಾದ್ಲೇನು?”

ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅಜ್ಜಿ ನನ್ನನ್ನು ಕಂಡವಳೇ ಎದ್ದು ನಿಂತಳು. ಮೊಬೈಲ್ ಇನ್ನೂ ಎಲ್ಲರ ಕೈಗೆ ಬಾರದ ವರ್ಷಗಳವು. ರಾಣೆಬೆನ್ನೂರಿನಿಂದ ತುಂಗಭದ್ರೆಯ ದಂಡೆಯ ಚೌಡದಾನಪುರದ ಗುಡಿ ನೋಡಲು ಏರಿಳಿತದ ದಾರಿಯಲ್ಲಿ ಸೈಕಲ್ ತುಳಿಯುತ್ತ, ಬಾಯಾರಿ ಅವಳ ಮನೆ ಮುಂದೆ ನಿಂತಿದ್ದೆ. ಸಾವಿನ ಸುದ್ದಿ ಹೇಳಲು ಬಂದವನೂ ಹೀಗೆಯೇ ಒಳಗೆ ಬಾರದೆ ಸೈಕಲ್ ಹಿಡಿದು ಹೊರಗೇ ನಿಲ್ಲುತ್ತಾನೆಂಬುದು ನನಗೆ ಹೊಳೆದಿರಲಿಲ್ಲ.

“ಇಲ್ಲ ಯವ್ವಾ, ನೀರು ಕೇಳಾಕ ಬಂದೇನಿ.”

ಅವಳು ನಂಬಲಿಲ್ಲ. ತುಂಬಿದ ಚರಿಗೆ ತಂದು ಕೈಗಿತ್ತಳು. “ಅಂಥಾ ಸುದ್ದಿ ತಂದಾವ ಆ ಮನ್ಯಾಗ ನೀರು ಮುಟ್ಟಂಗಿಲ್ಲ. ನೀ ಕುಡಿ, ನಾ ನೋಡ್ತೀನಿ.”

ಅವಳು ನೋಡುತ್ತಿದ್ದಂತೆ ಪೂರ್ತಿ ಕುಡಿದೆ. ಆಗಷ್ಟೇ ಅವಳು ಕುಸಿದು ಕುಳಿತು ಅತ್ತಳು.

ಆ ತಂಗಿ ಉಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಸಂಜೆ ಬೇರೆ ದಾರಿಯಿಂದ ಸುತ್ತಿ ಮರಳಿದೆ. ಆ ದಾರಿ ಚೆನ್ನಾಗಿತ್ತೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ನಿಜವೆಂದರೆ, ಅಷ್ಟರಲ್ಲಿ ಅವಳ ಅಂಗಳದ ಹೊರಗೆ ಇನ್ನೊಂದು ಸೈಕಲ್ ಬಂದು ನಿಂತಿದ್ದರೆ ಎಂದು ಹೆದರಿದ್ದೆ.