ಅತ್ತೆಯ ಬತ್ತಿ, ಸೊಸೆಯ ಕುಚ್ಚು

ಬೆಳಗಿನ ಆರೂಕಾಲು. ಕೆಸರೆಯ ಎರಡು ಕೋಣೆಯ ಮನೆಯಲ್ಲಿ ಅಷ್ಟು ಹೊತ್ತಿಗೆ ಅಡುಗೆ ಮುಗಿದಿದೆ, ಪಾತ್ರೆ ತೊಳೆದಾಗಿದೆ, ಕಿಟಕಿಗಳೆಲ್ಲ ತೆರೆದಿವೆ. ಸರ್ವಮಂಗಳಾ ಕಡಲೆಹಿಟ್ಟಿನಲ್ಲಿ ಎರಡು ಸಲ ಕೈ ತೊಳೆದು, ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಾರೆ. ಇಂಗಿನ ವಾಸನೆ ಇಲ್ಲ. ಆಮೇಲೆ ಬೀರು ತೆರೆದು, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ದಾಳಿಂಬೆ ಬಣ್ಣದ ರೇಷ್ಮೆ ಸೀರೆಯನ್ನು ಹೊರಗೆ ತೆಗೆಯುತ್ತಾರೆ.

ಸೀರೆ ಬಿಚ್ಚುವ ಮೊದಲು ಇನ್ನೊಂದು ಕೆಲಸವಿದೆ. ಮೊರದಲ್ಲಿ ಅದೇ ದಾಳಿಂಬೆ ಬಣ್ಣದ ತುಂಡು ನೂಲುಗಳನ್ನು ಹರಡಿ, ಒಂದು ವಿಭೂತಿ ಗಟ್ಟಿಯನ್ನೂ ಇಟ್ಟು, ಗೋಡೆಗೆ ಒರಗಿ ಕುಳಿತಿರುವ ಅತ್ತೆ ಗುರುಮಲ್ಲಮ್ಮನವರ ಮುಂದೆ ಸರಿಸುತ್ತಾರೆ.

"ಅತ್ತೆ, ಇವತ್ತಿನ ಕೆಲ್ಸ ಬಂದೈತೆ."

"ಎಷ್ಟು ಬೇಕಂತೆ?"

"ಎಷ್ಟಾದ್ರೂ ಸರಿ."

"ಎಷ್ಟಾದ್ರೂ ಸರಿ ಅಂದ್ರೆ ಎಂಗೆ? ಮಠದೋರು ಲೆಕ್ಕ ಕೇಳ್ತಾರೆ ಕಣವ್ವ," ಎಂದು ಎಂಬತ್ತೊಂದರ ಗುರುಮಲ್ಲಮ್ಮ ಗೊಣಗುತ್ತಾರೆ. ಬೆರಳಿಗೆ ವಿಭೂತಿ ಸವರಿಕೊಂಡು ಮೊದಲ ಎಳೆಯನ್ನು ಬತ್ತಿಯಾಗಿ ಹೊಸೆಯುತ್ತಾರೆ. ಆ ಬೆರಳುಗಳು ಓಡತೊಡಗಿದ ಮೇಲೆಯೇ ಸೊಸೆ ಸೀರೆಯ ಸೆರಗನ್ನು ಮಣೆಯ ಮೇಲೆ ಹಾಸುವುದು.

ನಲವತ್ತನಾಲ್ಕು ವರ್ಷದ ಸರ್ವಮಂಗಳಾ ಸೀರೆಗೆ ಕುಚ್ಚು ಕಟ್ಟುತ್ತಾರೆ. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಎಳೆಗಳನ್ನು ಸಮನಾಗಿ ಹಂಚಿ, ಗಂಟು ಹಾಕಿ, ಮೇಲೆ ಬಣ್ಣದ ನೂಲು ಸುತ್ತಿ, ತುದಿ ಕತ್ತರಿಸುವುದು ಅವರ ಕೆಲಸ. ಮದುವೆ ಮನೆಯಲ್ಲಿ ಎಲ್ಲರೂ ಸೀರೆ ನೋಡುತ್ತಾರೆ, ನೇಯ್ದ ಊರಿನ ಹೆಸರು ಕೇಳುತ್ತಾರೆ, ರವಿಕೆ ಹೊಲಿದವರ ವಿಳಾಸವನ್ನೂ ಬರೆದುಕೊಳ್ಳುತ್ತಾರೆ. ಕುಚ್ಚು ಕಟ್ಟಿದವರು ಯಾರು ಎಂದು ಕೇಳಿದವರನ್ನು ಸರ್ವಮಂಗಳಾ ಹದಿನಾಲ್ಕು ವರ್ಷಗಳಲ್ಲಿ ಕಂಡಿಲ್ಲ.

ಇವತ್ತಿನದು ಮುಹೂರ್ತದ ಸೀರೆ. ತೊಂಬತ್ತಾರು ಕುಚ್ಚು. ಸಂಜೆ ನಾಲ್ಕಕ್ಕೆ ದೇವರಾಜ ಮೊಹಲ್ಲಾದಲ್ಲಿರುವ ಟೈಲರ್ ಮಹೇಂದ್ರ ಅವರ ಅಂಗಡಿಯಲ್ಲಿರಬೇಕು. ಆ ಅಂಗಡಿಯಿಂದ ಮೊದಲು ವಾರಕ್ಕೆ ಹತ್ತು ಹನ್ನೆರಡು ಸೀರೆ ಬರುತ್ತಿದ್ದವು. ಐದು ವಾರದಿಂದ ಒಂದೂ ಬಂದಿರಲಿಲ್ಲ. "ಇದೊಂದು ನೋಡೋಣ" ಎಂದು ಅವರು ಮೊನ್ನೆ ಕೊಟ್ಟದ್ದು ಇದೇ ಸೀರೆ.

ಮನೆಯಲ್ಲಿ ಕುಳಿತು ಮಾಡುವ ಕೆಲಸ ಸುಲಭ ಎನ್ನುವವರು ಸಾಮಾನ್ಯವಾಗಿ ಮನೆಗೆಲಸ ಮಾಡಿರುವುದಿಲ್ಲ. ರೇಷ್ಮೆ ಒಗ್ಗರಣೆಯ ವಾಸನೆಯನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಸರ್ವಮಂಗಳಾ ನಾಲ್ಕೂವರೆಗೆ ಎದ್ದು ಎರಡು ಹೊತ್ತಿನ ಅಡುಗೆಯನ್ನೂ ಮುಗಿಸಿಬಿಡುತ್ತಾರೆ. ಆಮೇಲೆ ಸೀರೆ ಬೀರುವಿಗೆ ಹಿಂತಿರುಗುವ ತನಕ ಒಲೆ ಹಚ್ಚುವಂತಿಲ್ಲ. ಉಗುರಿಗೆ ಹಿಡಿದ ಅರಿಸಿನ ಎರಡು ದಿನ ಬಿಡುವುದಿಲ್ಲವಾದ್ದರಿಂದ ಮದುವೆಯ ತಿಂಗಳುಗಳಲ್ಲಿ ಈ ಮನೆಯಲ್ಲಿ ಚಿತ್ರಾನ್ನವೂ ಇಲ್ಲ. ಕೆಲಸದ ದಿನ ತಲೆಗೆ ಎಣ್ಣೆಯಿಲ್ಲ, ಕೈಗೆ ಬಳೆಯಿಲ್ಲ. ಬಳೆ ಎಳೆಗೆ ಸಿಕ್ಕಿಕೊಳ್ಳುತ್ತದೆ.

ಗಂಡ ಮೃತ್ಯುಂಜಯ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿದ್ದಾರೆ. ಈ ವಾರ ಮೊದಲ ಪಾಳಿ. ಐದೂವರೆಯ ಬಸ್ಸಿಗೆ ಹೊರಡುವಾಗ ಡಬ್ಬಿಯ ಮುಚ್ಚಳ ತೆರೆದು ನೋಡಿ, "ಇವತ್ತೂ ಉಪ್ಪಿಟ್ಟಾ? ಯಾರ್ದೋ ಮದುವೆ, ನಮ್ಗೆ ಪಥ್ಯ," ಎಂದು ನಕ್ಕು ಹೋದರು. ಮಗಳು ಧನುಶ್ರೀ ಎರಡನೇ ಪಿಯುಸಿ. ಎದ್ದವಳೇ ಅಮ್ಮ ಕೈ ಮೂಸುವುದನ್ನು ನೋಡಿ, "ಅಮ್ಮ, ಕಾಲೇಜಲ್ಲಿ ಚೆಕಿಂಗ್ ಇಷ್ಟು ಸ್ಟ್ರಿಕ್ಟ್ ಇಲ್ಲ ಕಣಮ್ಮ," ಎನ್ನುತ್ತಾಳೆ.

ರೇಷ್ಮೆ ಜಾರದಂತೆ ಸೆರಗಿನ ಮೇಲೆ ಬಟ್ಟೆ ಸುತ್ತಿದ ರುಬ್ಬುವ ಗುಂಡು ಕೂತಿದೆ. ಒಂದು ಕುಚ್ಚಿಗೆ ಸುಮಾರು ಎರಡೂವರೆ ನಿಮಿಷ. ಹತ್ತು ಕುಚ್ಚಿಗೊಮ್ಮೆ ತಲೆಯೆತ್ತಿ ಸರ್ವಮಂಗಳಾ ಅತ್ತೆಯ ಕಡೆ ನೋಡುತ್ತಾರೆ. ಅದು ಐದು ವಾರದ ಹಿಂದೆ ಹಿಡಿದ ಅಭ್ಯಾಸ.

ಗುರುಮಲ್ಲಮ್ಮ ನಂಜನಗೂಡು ಕಡೆಯ ಒಂದು ಸಣ್ಣ ಮಠಕ್ಕೆ ನಲವತ್ತು ವರ್ಷ ಕಾರ್ತಿಕದ ದೀಪದ ಬತ್ತಿ ಹೊಸೆದು ಕೊಟ್ಟವರು. ಹೊಸೆಯುವಾಗ ಎಳೆ ಜಾರದಿರಲೆಂದು ಬೆರಳಿಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮೂರು ವರ್ಷದಿಂದ ನೆನಪು ಸರಿಯಾಗಿಲ್ಲ. ಮಗನನ್ನು ಒಮ್ಮೊಮ್ಮೆ ತಮ್ಮ ಅಣ್ಣನೆಂದು ಕರೆಯುತ್ತಾರೆ. ಆದರೆ ಕೈ ಮಾತ್ರ ಏನನ್ನೂ ಮರೆತಿಲ್ಲ.

ಐದು ವಾರದ ಹಿಂದಿನ ಆ ದಿನ ಮಣೆಯ ಮೇಲಿದ್ದ ಸೀರೆ ಗಿಳಿಹಸಿರು ಬಣ್ಣದ್ದು. ಗ್ಯಾಸ್ ಸಿಲಿಂಡರ್ ಬಂತೆಂದು ಸರ್ವಮಂಗಳಾ ಬಾಗಿಲಿಗೆ ಹೋದರು. ಚಿಲ್ಲರೆ ಹುಡುಕಿ, ಹಳೆಯ ಸಿಲಿಂಡರ್ ಹೊರಗಿಟ್ಟು ಬರುವಷ್ಟರಲ್ಲಿ ಹತ್ತು ನಿಮಿಷ. ಹಿಂತಿರುಗಿ ನೋಡಿದರೆ ಗುರುಮಲ್ಲಮ್ಮ ಸೆರಗಿನ ಪಕ್ಕದಲ್ಲಿ ಕುಳಿತಿದ್ದರು. ಜೋತುಬಿದ್ದ ಎಳೆ ಕಂಡಿದೆ. ವಿಭೂತಿ ಹಚ್ಚಿ ಹೊಸೆದು, ಬೆರಳುದ್ದಕ್ಕೆ ಅಳೆದು, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ್ದಾರೆ. ಹತ್ತೊಂಬತ್ತು ಬತ್ತಿಗಳು ಸಾಲಾಗಿ ನೆಲದ ಮೇಲಿದ್ದವು.

"ಬೈಯಕ್ಕೆ ಬಾಯೇ ಬರ್ಲಿಲ್ಲ. ಅವ್ರು ನನ್ ಮುಖ ನೋಡಿ, 'ಸಾಕಾ, ಇನ್ನೊಂದಿಷ್ಟು ಮಾಡ್ಲಾ?' ಅಂದ್ರು ಕಣ್ರೀ," ಎಂದು ಸರ್ವಮಂಗಳಾ ಗಂಟು ಬಿಗಿಯುತ್ತಲೇ ಹೇಳುತ್ತಾರೆ.

ಹರಿದ ಎಳೆ ಮತ್ತೆ ಬೆಳೆಯುವುದಿಲ್ಲ. ಉಳಿದದ್ದು ಒಂದೇ ದಾರಿ. ಸೆರಗಿನ ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ಬೆರಳಗಲದ ನೇಯ್ಗೆಯಿಂದ ಅಡ್ಡ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಹೊಸ ಎಳೆ ಮಾಡಿಕೊಳ್ಳುವುದು. ಅದನ್ನು ಮಾಡಿ, ಕುಚ್ಚೂ ಕಟ್ಟಿದರು. ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ಆದರೂ ಅಂಗಡಿಗೆ ಹೋಗಿ ನಡೆದದ್ದನ್ನು ಹೇಳಿಬಿಟ್ಟರು.

"ಮುಚ್ಚಿಡಬಹುದಿತ್ತು. ಆದ್ರೆ ಸೆರಗಲ್ಲಿ ಒಂದು ಜರಿ ಗೆರೆ ಕಮ್ಮಿ ಆಗಿರೋದು ಇವತ್ತಲ್ಲ ನಾಳೆ ಅವ್ರಿಗೆ ಕಾಣ್ತದೆ. ಆಗ ನಾನು ಏನ್ ಹೇಳಿದ್ರೂ ಸುಳ್ಳೇ ಆಯ್ತದೆ. ಈಗ ಹೇಳಿದ್ರೆ ಬರೀ ತಪ್ಪು, ಅಷ್ಟೇ."

ಸೀರೆಯ ಒಡತಿ ಭಾನುಪ್ರಿಯಾ ಅಂಗಡಿಯಲ್ಲೇ ಇದ್ದರು. "ಮನೇಲಿ ಇಂಥೋರನ್ನ ಇಟ್ಕೊಂಡು ಮಂದಿ ಸೀರೆ ಯಾಕ್ರೀ ಮುಟ್ತೀರಾ?" ಎಂದು ಎಲ್ಲರೆದುರು ಕೇಳಿದರು. ಸರ್ವಮಂಗಳಾ ಆ ಮಾತಿಗೆ ಸಿಟ್ಟಾಗುವುದಿಲ್ಲ. "ಅವ್ರ ಮಗಳ ಮದುವೆ ಸೀರೆ. ನಾನಾಗಿದ್ರೂ ಕೇಳ್ತಿದ್ದೆ." ಆವತ್ತಿನಿಂದ ಅಂಗಡಿಯ ಕೆಲಸ ನಿಂತಿತು. ಉಳಿದದ್ದು ಅಕ್ಕಪಕ್ಕದವರ ಒಂದೆರಡು ಸೀರೆ.

ಅತ್ತೆಯನ್ನು ಒಳಕೋಣೆಯಲ್ಲಿ ಕೂರಿಸಿ ಚಿಲಕ ಹಾಕಿಬಿಡು ಎಂದು ಬುದ್ಧಿ ಹೇಳಿದವರು ಅನೇಕರು. ಸರ್ವಮಂಗಳಾ ಒಂದು ದಿನ ಹಾಕಿಯೂ ನೋಡಿದರು. "ಒಳಗಿಂದ ಬಾಗ್ಲು ತಟ್ತಾ, 'ಮಂಗ್ಳಾ, ನಾನೇನ್ ಮಾಡ್ಬುಟ್ಟೆ?' ಅಂದ್ರು. ಆ ಬೆಳಿಗ್ಗೆ ಹಾಕಿದ ಒಂದು ಗಂಟೂ ಸಮ ಬರ್ಲಿಲ್ಲ. ಎಲ್ಲ ಬಿಚ್ಚಿದೆ. ಚಿಲಕಾನೂ ತೆಗೆದೆ."

ಮಾರನೆಯ ದಿನ ಹತ್ತಿ ಕೊಟ್ಟು ನೋಡಿದರು. ಗುರುಮಲ್ಲಮ್ಮ ಹತ್ತಿಯನ್ನು ಪಕ್ಕಕ್ಕಿಟ್ಟು ಹೊಳೆಯುವ ಎಳೆಯ ಕಡೆಗೇ ಕೈ ಚಾಚಿದರು. ಬೇರೆ ಬಣ್ಣದ ರೇಷ್ಮೆ ನೂಲು ಕೊಟ್ಟರೂ ಕಣ್ಣು ಸೀರೆಯ ಮೇಲೆಯೇ. ಕೊನೆಗೆ ದಾರಿ ಸಿಕ್ಕಿದ್ದು ಪಕ್ಕದ ಮನೆಯವರ ನೇರಳೆ ಸೀರೆಗೆ ಕುಚ್ಚು ಕಟ್ಟಿದ ದಿನ. ಕತ್ತರಿಸಿ ಬಿದ್ದ ನೇರಳೆ ಚೂರುಗಳನ್ನೇ ಮೊರಕ್ಕೆ ಹಾಕಿ ಕೊಟ್ಟರು. ಅತ್ತೆ ಮಧ್ಯಾಹ್ನದ ತನಕ ತಲೆಯೆತ್ತಲಿಲ್ಲ.

"ಸೀರೆ ಯಾವ ಬಣ್ಣವೋ ನೂಲೂ ಅದೇ ಬಣ್ಣ ಇರ್ಬೇಕು. ಅವ್ರ ಪಾಲಿಂದು ಅವ್ರಿಗೆ ಮೊದ್ಲು ಸಿಕ್ಕಿಬುಟ್ರೆ ನನ್ನ ಪಾಲು ಮುಟ್ಟಲ್ಲ. ಮಕ್ಕಳೂ ಅಂಗೇ ಅಲ್ವಾ? ನಾವೂ ಅಂಗೇ," ಎನ್ನುತ್ತಾರೆ ಸರ್ವಮಂಗಳಾ. ಈಗ ಹೊಸ ಸೀರೆಗೆ ನೂಲು ತರುವಾಗ ಒಂದು ಉಂಡೆ ಹೆಚ್ಚಿಗೆ ತರುತ್ತಾರೆ.

ಹತ್ತೂವರೆಗೆ ಕೊನೆಯ ಹದಿನೈದು ಕುಚ್ಚು ಉಳಿದಿವೆ. ಗುರುಮಲ್ಲಮ್ಮನವರ ಮೊರದಲ್ಲಿ ನೂರಕ್ಕೂ ಹೆಚ್ಚು ಬತ್ತಿ, ಒಂದಕ್ಕಿಂತ ಒಂದು ಸಮ. ಇದ್ದಕ್ಕಿದ್ದಂತೆ ಅವರು ಮುಂದಕ್ಕೆ ಬಾಗಿ ಸೊಸೆಯ ಮುಂದೆ ಹಾಸಿದ ಸೆರಗನ್ನೇ ದಿಟ್ಟಿಸುತ್ತಾರೆ. ಸರ್ವಮಂಗಳಾ ಅವರ ಕೈ ನಿಲ್ಲುತ್ತದೆ.

"ನಿನ್ ಬತ್ತಿ ದಪ್ಪ ಆದ್ವು ಕಣೆ. ಎಣ್ಣೆ ಬೋ ಕುಡೀತವೆ," ಎಂದು ತೀರ್ಪು ಕೊಟ್ಟು ಗುರುಮಲ್ಲಮ್ಮ ಮತ್ತೆ ತಮ್ಮ ಮೊರಕ್ಕೆ ತಿರುಗುತ್ತಾರೆ.

ಎರಡೂವರೆಗೆ ಧನುಶ್ರೀ ಬಂದು ಅಜ್ಜಿಯ ಪಕ್ಕ ಕುಳಿತ ಮೇಲೆ ಸರ್ವಮಂಗಳಾ ಸೀರೆಯನ್ನು ಪಂಚೆಯಲ್ಲಿ ಸುತ್ತಿ ಬಸ್ಸು ಹಿಡಿಯುತ್ತಾರೆ. ಕೂರಲು ಜಾಗ ಸಿಕ್ಕರೂ ಚೀಲವನ್ನು ಕೆಳಗಿಡುವುದಿಲ್ಲ.

ಮಹೇಂದ್ರ ಕಡಿಮೆ ಮಾತಿನ ಮನುಷ್ಯ. ಗಾಜಿನ ಮೇಜಿನ ಮೇಲೆ ಸೆರಗು ಹರಡಿ, ಟ್ಯೂಬ್‌ಲೈಟಿನ ಬೆಳಕಿಗೆ ಎಳೆದುಕೊಂಡು, ಕುಚ್ಚುಗಳ ಮೇಲೆ ಬೆರಳು ಆಡಿಸುತ್ತಾ ಹೋಗುತ್ತಾರೆ. ಸೀರೆಯ ಮಡಿಕೆ ಬಿಚ್ಚುವಾಗ ಏನೋ ಕೆಳಗೆ ಬೀಳುತ್ತದೆ. ಬೆರಳುದ್ದದ ದಾಳಿಂಬೆ ಬಣ್ಣದ ಬತ್ತಿ. ಸರ್ವಮಂಗಳಾ ಮೇಜಿನ ಅಂಚು ಹಿಡಿದುಕೊಳ್ಳುತ್ತಾರೆ.

ಮಹೇಂದ್ರ ಬತ್ತಿಯನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಮತ್ತೆ ಮೊದಲಿನಿಂದ ಎಣಿಸುತ್ತಾರೆ. ತೊಂಬತ್ತಾರು. ಒಂದೂ ಗಿಡ್ಡವಿಲ್ಲ, ಸೆರಗಿನ ಜರಿ ಗೆರೆಗಳೂ ಪೂರ್ತಿ ಇವೆ.

"ಇದೇನ್ ಮಂಗಳಕ್ಕ?"

"ನಮ್ಮತ್ತೆ ಸಹಿ ಹಾಕವ್ರೆ, ಸಾರ್. ನೂಲು ನಂದು, ಸೀರೇದಲ್ಲ."

ಮಹೇಂದ್ರ ಬತ್ತಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾರೆ. "ಕೈ ಚೆನ್ನಾಗೈತೆ. ಸಂಜೆ ದೀಪಕ್ಕೆ ಹಾಕ್ಲಾ?"

"ಬೇಡಿ ಸಾರ್, ರೇಷ್ಮೆ. ಉರಿಯಲ್ಲ, ಕೂದ್ಲು ಸುಟ್ಟಂಗೆ ನಾರ್ತದೆ."

ಮಹೇಂದ್ರ ಅವರು ನಗುವುದನ್ನು ಸರ್ವಮಂಗಳಾ ಐದು ವಾರದ ಮೇಲೆ ನೋಡುತ್ತಿದ್ದಾರೆ. ಮಹೇಂದ್ರ ಒಳಗೆ ಹೋಗಿ ಮೂರು ಕವರ್ ತಂದು ಮುಂದಿಡುತ್ತಾರೆ. ಒಂದು ಮಾವಿನೆಲೆ ಹಸಿರು, ಒಂದು ಬಾಳೆಹೂವಿನ ಬಣ್ಣ, ಒಂದು ಹಾಲುಬಿಳಿ. "ಭಾನುವಾರದೊಳಗೆ ಆಗ್ಬೇಕು. ಗಿರಾಕಿಗೆ ನಾನು ಮಾತು ಕೊಟ್ಟಿದ್ದೀನಿ." ಸರ್ವಮಂಗಳಾ ಮಾರ್ಕೆಟ್ ಪಕ್ಕದ ನೂಲಿನ ಅಂಗಡಿಗೆ ಹೋಗಿ ಮೂರು ಬಣ್ಣದಲ್ಲೂ ಎರಡೆರಡು ಉಂಡೆ ಕೊಳ್ಳುತ್ತಾರೆ.

ಆಸೆ ಏನು ಎಂದು ಕೇಳಿದರೆ ಅವರು ಹೇಳುವುದು ಇಷ್ಟೇ: "ಕಿಟಕಿ ಪಕ್ಕ ಇನ್ನೊಬ್ರು ಕೂರೋಷ್ಟು ಜಾಗ ಆದ್ರೆ ಸಾಕು. ಬೆಳಕು ಈಗ ನನಗೊಬ್ಬಳಿಗೇ ಬೀಳ್ತದೆ."

ಸಂಜೆ ಆರೂವರೆ. ದೇವರ ಗೂಡಿನ ಕೆಳಗಿರುವ ಸ್ಟೀಲ್ ಡಬ್ಬಿಗೆ ದಾಳಿಂಬೆ ಬಣ್ಣದ ಬತ್ತಿಗಳನ್ನು ಸುರಿದು, ಸರ್ವಮಂಗಳಾ ಡಬ್ಬಿಯ ಹಿಂದಿನಿಂದ ಅಂಗಡಿಯ ಹತ್ತಿ ಬತ್ತಿ ತೆಗೆದು ದೀಪ ಹಚ್ಚುತ್ತಾರೆ. ಗುರುಮಲ್ಲಮ್ಮ ಗೋಡೆಗೆ ಒರಗಿ ಜ್ವಾಲೆ ನೋಡುತ್ತಾ, "ನಂದೇ ಅಲ್ವಾ?" ಎನ್ನುತ್ತಾರೆ.

"ಇನ್ಯಾರ್ದು?"

"ನೆಟ್ಟಗೆ ಉರೀತೈತೆ." ಆಮೇಲೆ ಸೊಸೆಯ ಕಡೆ ತಿರುಗಿ, "ನಾಳೆಗೆ ಕೆಲ್ಸ ಐತಾ, ಮಂಗ್ಳಾ?"

ಸರ್ವಮಂಗಳಾ ಬೀರುವಿನ ಬಾಗಿಲು ಹಾಕಿ ಬೀಗ ತಿರುಗಿಸುತ್ತಾರೆ.

"ಐತೆ ಅತ್ತೆ. ಮೂರು ಬಣ್ಣ ಬಂದೈತೆ."