ಅಂಡಮಾನಿಗೆ ಹಕ್ಕಿ ನೋಡಲು ಹೋದ ದಸ್ತಗೀರ್

ಮದ್ದೂರಿನ ಜನರ ಬಗ್ಗೆ ನನಗೆ ಅಂಥ ಒಳ್ಳೆಯ ಅಭಿಪ್ರಾಯವೇನಿಲ್ಲ. ಒಬ್ಬ ಕೊಲೆ ಮಾಡಿದನಂತೆ ಎಂದರೆ ಸಾಕ್ಷಿ ಕೇಳದೆ ನಂಬುತ್ತಾರೆ. ಅದೇ ಮನುಷ್ಯ ಹಕ್ಕಿ ನೋಡಲು ಹೋಗಿದ್ದೆ ಎಂದರೆ ಪಂಚಾಯ್ತಿ ಕೂಡಿಸುತ್ತಾರೆ. ಮೆಕ್ಯಾನಿಕ್ ದಸ್ತಗೀರನಿಗೆ ಆದದ್ದು ಇದೇ. ನಾನು ಚಲುವರಾಜು, ಆಗ ಹನಕೆರೆ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕು. ದಿನಕ್ಕೆ ನಾಲ್ಕು ಗಾಡಿ, ಇಪ್ಪತ್ತು ಟಿಕೆಟ್ಟು, ಉಳಿದ ಹೊತ್ತೆಲ್ಲ ಊರ ಸುದ್ದಿ. ಹಾಗಾಗಿ ಇದರಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ. ಒಂದು ತಪ್ಪಂತೂ ನನ್ನದೇ.

ದಸ್ತಗೀರ್ ಹುಟ್ಟಿದ್ದು ಮದ್ದೂರಿನಲ್ಲಿ, ಕೆಲಸಕ್ಕೆ ನಿಂತದ್ದು ಮಂಡ್ಯದಲ್ಲಿ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, ಕಾರ್ಖಾನೆಯ ಹಿಂದೆ ಕಬ್ಬು, ಕಬ್ಬಿನ ಹಿಂದೆ ಲಾರಿ, ಲಾರಿಯ ಹಿಂದೆ ದಸ್ತಗೀರ್. ತಗಡಿನ ಶೆಡ್ಡೊಂದರಲ್ಲಿ ಅವನ ರಿಪೇರಿ ಅಂಗಡಿ. ಯಾವ ಇಂಜಿನ್ನಿಗೂ ಕಿವಿಯಿಟ್ಟು ಕಾಯಿಲೆ ಹೇಳುತ್ತಿದ್ದ. ಅವನಿಗಿದ್ದ ದುರಭ್ಯಾಸ ಒಂದೇ, ಸುಳ್ಳು ಹೇಳಲು ಬರುತ್ತಿರಲಿಲ್ಲ. "ಗಾಡಿ ಸರಿಯಾಗೇ ಐತೆ ಯಜಮಾನ್ರೆ, ಕೆಟ್ಟಿರೋದು ನಿಮ್ಮ ಡ್ರೈವರು" ಎಂದು ಡ್ರೈವರನ ಮುಂದೆಯೇ ಹೇಳಿ ಎರಡು ಸಲ ಒದೆ ತಿಂದಿದ್ದ.

ಮೂವತ್ತೆಂಟನೇ ಇಸವಿಯಲ್ಲಿ ಶಿಂಷಾ ಹೊಳೆಯಲ್ಲಿ ಮೀನು ಹಿಡಿಯಲು ಬಂದ ಇಂಗ್ಲಿಷ್ ಸಾಹೇಬನೊಬ್ಬನ ಕಾರು ಮದ್ದೂರಿನ ಸೇತುವೆಯ ಮೇಲೆ ಕೆಟ್ಟು ನಿಂತಿತು. ದಸ್ತಗೀರ್ ಅದನ್ನು ಅರ್ಧ ಗಂಟೆಯಲ್ಲಿ ಎಬ್ಬಿಸಿದ. ಸಾಹೇಬನಿಗೆ ಮದರಾಸಿನಲ್ಲಿ ಸ್ವಂತ ಹಡಗಿತ್ತು. ತನ್ನಂಥ ಹುಚ್ಚರು ಹನ್ನೊಂದು ಮಂದಿಯನ್ನು ಸೇರಿಸಿಕೊಂಡು, ಅಂಡಮಾನಿನ ಆಚೆ ಬೆಂಕಿಗುಡ್ಡಗಳ ದ್ವೀಪಗಳನ್ನು ಸುತ್ತಿ ಅಲ್ಲಿನ ಪ್ರಾಣಿಪಕ್ಷಿ ನೋಡಿಬರುವ ಏರ್ಪಾಡು ಮಾಡಿಕೊಂಡಿದ್ದ. ಇಂಜಿನ್ ನೋಡಿಕೊಳ್ಳಲು ಜೊತೆಗೆ ಬಾ ಎಂದ. ಆಗ ದಸ್ತಗೀರನಿಗೆ ಮದ್ದೂರಿನ ಅಕ್ರಂ ಪಾಷಾರ ಮಗಳು ಮೆಹರುನ್ನೀಸಾ ಜೊತೆ ಮದುವೆ ಗೊತ್ತಾಗಿತ್ತು. ಮೂರು ತಿಂಗಳಲ್ಲಿ ಬಂದುಬಿಡುತ್ತೇನೆ ಎಂದು ಹೇಳಿ ಹೊರಟ.

ಎರಡು ತಿಂಗಳ ಮೇಲೆ ಅವನ ತಾಯಿ ಹಬೀಬುನ್ನೀಸಾಗೆ ಒಂದು ಕಾರ್ಡು ಬಂತು. ಅದರ ಮೇಲೆ ಪೋರ್ಟ್ ಬ್ಲೇರಿನ ಮುದ್ರೆ. ನಮ್ಮ ಪೋಸ್ಟಿನವನಿಗೆ ಮುದ್ರೆ ಓದಲು ಬರುತ್ತಿತ್ತು, ಬಾಯಿ ಮುಚ್ಚಿಕೊಳ್ಳಲು ಬರುತ್ತಿರಲಿಲ್ಲ. ಸಂಜೆಯೊಳಗೆ ಪೇಟೆಯೆಲ್ಲ ಒಂದೇ ಮಾತು: ದಸ್ತಗೀರನಿಗೆ ಅಂಡಮಾನ್ ಶಿಕ್ಷೆಯಾಗಿದೆ! ಅಂಡಮಾನಿಗೆ ಹೋಗುವವರು ಯಾರು? ಕೊಲೆಗಡುಕರು. ಯಾರನ್ನು ಕೊಂದ ಎಂಬುದಷ್ಟೇ ಬಾಕಿ. ಕಾರಿನ ಆಸೆಗೆ ಸಾಹೇಬನನ್ನೇ ಮುಗಿಸಿದ ಎಂದು ಅದೂ ಎರಡು ದಿನದಲ್ಲಿ ತೀರ್ಮಾನವಾಯಿತು. ಕಾರ್ಡಿನಲ್ಲಿ ಅವನು ಬರೆದದ್ದು ಇಷ್ಟೇ: "ಕ್ಷೇಮ. ಇಲ್ಲಿ ಆಡುಗಳು ಸಮುದ್ರದ ನೀರು ಕುಡಿಯುತ್ತವೆ. ಬರುವಾಗ ಒಂದನ್ನು ತರುತ್ತೇನೆ." ಪಾಪ, ಜೈಲಿನಲ್ಲಿ ತಲೆಯೂ ಕೆಟ್ಟಿದೆ ಎಂದರು.

ಹೇಳಿದಂತೆ ಆಡನ್ನು ತಂದ. ಅದು ರೈಲಿನಲ್ಲಿ ಗಾರ್ಡಿನ ಹಸಿರು ಬಾವುಟದಲ್ಲಿ ಮುಕ್ಕಾಲು ಪಾಲು ತಿಂದದ್ದರಿಂದ ಇಬ್ಬರನ್ನೂ ಹನಕೆರೆಯಲ್ಲಿ ಇಳಿಸಿದರು. ಗಾಡಿ ಹೊರಡಿಸಲು ನಮ್ಮ ಸ್ಟೇಷನ್ನಿನ ಬಾವುಟವನ್ನೇ ಎರವಲು ಕೊಡಬೇಕಾಯಿತು. ದಸ್ತಗೀರನ ಕೈಯಲ್ಲಿ ಎರಡು ಸೀಮೆಎಣ್ಣೆ ಡಬ್ಬಿ, ಒಳಗೆ ಮದರಾಸಿನ ಸಮುದ್ರದ ನೀರು. ದ್ವೀಪ ಬಿಟ್ಟಾಗಿನಿಂದ ಆಡಿಗೆ ಬೇರೆ ನೀರಿನ ರುಚಿಯನ್ನೇ ತೋರಿಸಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ಊರಿನ ಸುದ್ದಿಯನ್ನು ನಾನೇ ಅವನ ಕಿವಿಗೆ ಹಾಕಿದೆ. ಅಕ್ರಂ ಪಾಷಾ ಮದುವೆ ಮುರಿಯಲು ನಿಂತಿದ್ದಾರೆ ಎಂದದ್ದೇ ತಡ, ಮನುಷ್ಯ ಬೆಂಚಿನ ಮೇಲೆ ಕುಸಿದು ಕುಳಿತ.

ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, "ಆಡು ಐತಲ್ಲ ಸ್ವಾಮಿ. ಎಲ್ಲರ ಮುಂದೆ ಉಪ್ಪುನೀರು ಕುಡಿಸ್ತೀನಿ. ಆಗ ನಂಬಲೇಬೇಕು" ಎಂದ.

ನಾನು ಆ ಹೊತ್ತಿಗಾಗಲೇ ಒಂದು ಕೆಲಸ ಮಾಡಿಬಿಟ್ಟಿದ್ದೆ. ಬಿಸಿಲಿಗೆ ತೇಕುತ್ತಿದ್ದ ಆಡನ್ನು ಕಂಡು ಅಯ್ಯೋ ಅನ್ನಿಸಿ, ಸ್ಟೇಷನ್ ಬಾವಿಯಿಂದ ಒಂದು ಬಕೆಟ್ಟು ಸಿಹಿನೀರು ಸೇದಿ ಅದರ ಮುಂದಿಟ್ಟಿದ್ದೆ. ಅದು ಒಮ್ಮೆ ಮೂಸಿತು, ಒಮ್ಮೆ ನನ್ನ ಮುಖ ನೋಡಿತು, ಆಮೇಲೆ ತಳ ಕಾಣುವವರೆಗೆ ತಲೆ ಎತ್ತಲಿಲ್ಲ.

"ಏನ್ ಸ್ವಾಮಿ ಮಾಡ್ಬುಟ್ರಿ!" ಎಂದು ದಸ್ತಗೀರ್ ತಲೆ ಚಚ್ಚಿಕೊಂಡ.

ಭಾನುವಾರ ಅಕ್ರಂ ಪಾಷಾರ ಅಂಗಳದಲ್ಲಿ ಪಂಚಾಯ್ತಿ. ಗಾಡಿಚಕ್ರಗಳಿಗೆ ಕಬ್ಬಿಣದ ಪಟ್ಟಿ ಕೂರಿಸುವುದು ಪಾಷಾರ ಕಸುಬು. ಮಾತೂ ಹಾಗೆಯೇ, ಕಾಯಿಸಿ ಬಡಿದದ್ದು. ಒಂದು ಬೋಗುಣಿಯಲ್ಲಿ ಸಮುದ್ರದ ನೀರಿಟ್ಟು ಆಡನ್ನು ಬಿಟ್ಟರು. ಅದು ಮೂತಿ ಹತ್ತಿರ ಒಯ್ದು ಸೀನಿತು. ಬೋಗುಣಿಯನ್ನು ಕಾಲಿನಿಂದ ಒದ್ದು ಉರುಳಿಸಿತು. ಪಕ್ಕದಲ್ಲಿ ಕಾದ ಪಟ್ಟಿ ಆರಿಸಲು ಇಟ್ಟಿದ್ದ ತೊಟ್ಟಿಗೆ ಬಾಯಿ ಹಾಕಿ ನಾಲೆಯ ನೀರನ್ನು ಸೊರಸೊರ ಹೀರಿತು. ಜನ ಬಿದ್ದು ಬಿದ್ದು ನಕ್ಕರು. ಬಕೆಟ್ಟಿನ ಕಥೆಯನ್ನು ನಾನು ಎದ್ದು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನೋಡಪ್ಪ ದಸ್ತಗೀರ್," ಎಂದರು ಪಾಷಾ, "ದುಡ್ಡು ಖರ್ಚು ಮಾಡ್ಕೊಂಡು ಕಾಲಾಪಾನಿಗೆ ಹಕ್ಕಿ ನೋಡಕ್ಕೆ ಯಾವನಾದ್ರೂ ಓಯ್ತಾನಾ? ನಮ್ಮೂರಾಗೆ ಕಾಗೆ ಇಲ್ವಾ?"

"ನಾನೂ ಅದನ್ನೇ ಕೇಳ್ದೆ ಚಾಚಾ. ಆ ಕಾಗೆ ಬೇರೆ, ಈ ಕಾಗೆ ಬೇರೆ ಅಂದ್ರು."

ಅವನು ಅಲ್ಲಿ ಕಂಡದ್ದನ್ನೆಲ್ಲ ಹೇಳಿದ. ಸಮುದ್ರದ ನಡುವೆ ಕರೀ ಗುಡ್ಡ, ನೆತ್ತಿಯಲ್ಲಿ ಹೊಗೆ. ನೆಲ ಮುಟ್ಟಿದರೆ ಆಲೆಮನೆಯ ಒಲೆಯ ದಡದಂತೆ ಬಿಸಿ. ಹುಲ್ಲೂ ಸರಿಯಾಗಿಲ್ಲದ ಆ ಬೂದಿಯಲ್ಲಿ ಆಡುಗಳು. ಯಾವುದೋ ಕಾಲದಲ್ಲಿ ಹಡಗಿನವರು ಬಿಟ್ಟುಹೋದವಂತೆ. ಬೇರೆ ನೀರು ಕಾಣದೆ ದಡಕ್ಕೆ ಬಂದು ಅಲೆಗೆ ಬಾಯಿ ಕೊಡುತ್ತಿದ್ದವು. ಹಡಗಿನ ಮುಂದೆ ಹಾರುವ ಮೀನು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಐದು ದಿನ ಕಕ್ಕಿ, ಆರನೆಯ ದಿನ ಎದ್ದು ಆಮೆಯ ಚಿತ್ರ ಬರೆದ ದೊರೆಸಾನಿ. ಇನ್ನೊಂದು ದ್ವೀಪದಲ್ಲಿ ಹಸಿರು ಗುಡ್ಡ, ಅಲ್ಲಿ ದೊಡ್ಡ ಕೊಕ್ಕಿನ ಹಕ್ಕಿ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ. ಒಂದು ಸೀಳು ಕಂಡಿ ಮಾತ್ರ. ಗಂಡು ಹೊರಗಿನಿಂದ ಹಣ್ಣು ತಂದು ಆ ಕಂಡಿಯಲ್ಲಿ ಕೊಡುತ್ತದೆ. ಅದನ್ನು ನೋಡಲು ಸಾಹೇಬರು ಮಸೀದಿಯಲ್ಲಿ ಕೂತಂತೆ ಉಸಿರು ಬಿಗಿಹಿಡಿದು ಎರಡು ಗಂಟೆ ಕೂತಿದ್ದರು. ದುರ್ಬೀನನ್ನು ಇವನಿಗೂ ಒಮ್ಮೆ ಕೊಟ್ಟಿದ್ದರು.

ಗೋಣಿಪರದೆಯ ಹಿಂದಿನಿಂದ ಮೆಹರುನ್ನೀಸಾಳ ದನಿ ಬಂತು. "ಅಬ್ಬಾ, ಸುಳ್ಳು ಹೇಳೋರು ನಂಬೋ ಹಂಗಾದ್ರೂ ಹೇಳ್ತಾರೆ. ಇಂಥ ಸುಳ್ಳು ಯಾರು ಕಟ್ತಾರೆ?"

ಅಂಗಳದಲ್ಲಿ ಅಂದು ಬಂದ ಬುದ್ಧಿಯ ಮಾತು ಅದೊಂದೇ. ಪಾಷಾ ಮಾತ್ರ "ನೀನು ಸುಮ್ನಿರಮ್ಮ" ಎಂದು ಗದರಿ, ಶುಕ್ರವಾರದೊಳಗೆ ಸಾಕ್ಷಿ ತರದಿದ್ದರೆ ಸಂಬಂಧ ಮುಗಿಯಿತು ಎಂದುಬಿಟ್ಟರು. ದಸ್ತಗೀರ್ ಆಡಿನ ಹಗ್ಗ ಹಿಡಿದು ಹೊರಟ. ಅವನ ಕಣ್ಣು ನೋಡಲಾಗಲಿಲ್ಲ. ನನ್ನ ಬಕೆಟ್ಟಿಗೂ ನನ್ನ ಕರುಣೆಗೂ ಬೆಂಕಿ ಬೀಳಲಿ ಎಂದುಕೊಂಡೆ.

ಮದರಾಸಿನ ಸಾಹೇಬನಿಗೆ ಬರೆದು ಉತ್ತರ ತರಿಸಲು ಐದು ದಿನ ಸಾಲದು. ಮರುದಿನ ರಜೆ ಹಾಕಿ, ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಪೂರಿಗಾಲಿ ಸೇರಿದೆ. ಅಲ್ಲಿ ಅಂಡಮಾನ್ ಮಾದಯ್ಯನಿದ್ದ. ದನದ ವ್ಯಾಪಾರದ ಜಗಳದಲ್ಲಿ ಒಬ್ಬನನ್ನು ಹೊಡೆದು ಕೊಂದವನು. ಕಾವೇರಿಯ ಈಚೆ ಹೊಡೆದಿದ್ದರೆ ಮಹಾರಾಜರ ಜೈಲಿನಲ್ಲಿ ಮುಗಿಯುತ್ತಿತ್ತು. ಹೊಳೆ ದಾಟಿ ಕೊಳ್ಳೇಗಾಲದ ಸಂತೆಯಲ್ಲಿ ಹೊಡೆದದ್ದರಿಂದ ಬ್ರಿಟಿಷರ ಪಾಲಾಗಿ, ಹದಿನಾಲ್ಕು ವರ್ಷ ಅಂಡಮಾನಿನಲ್ಲಿದ್ದು ಬಂದಿದ್ದ. ಅವನ ಹೆಂಡತಿ ಬೆಟ್ಟಮ್ಮ ಅಷ್ಟು ವರ್ಷವೂ ಒಬ್ಬಳೇ ಹೊಲ ಉಳಿಸಿಕೊಂಡಿದ್ದಳು. ನಾನು ಬಂದ ಕಾರಣ ಹೇಳಿದೆ.

"ಅಲ್ಲೀಗೆ ಹಕ್ಕಿ ನೋಡಕ್ಕಾ?" ಎಂದ ಮಾದಯ್ಯ. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನಡೀರಿ, ಬತ್ತೀನಿ. ಅದ್ಯಾವನು ಅಂತ ನೋಡಾನ."

ಶುಕ್ರವಾರ ನಮಾಜು ಮುಗಿದ ಮೇಲೆ ಅದೇ ಅಂಗಳ. ಕೊಲೆಗಡುಕನಿಗೆ ಎಲ್ಲರೂ ಎದ್ದು ಜಾಗ ಕೊಟ್ಟರು. ಮಾದಯ್ಯ ಮೊದಲು ಆಡನ್ನು ನೋಡಿದ.

"ಇದು ಉಪ್ಪುನೀರು ಕುಡ್ಯಕಿಲ್ಲ ಅಂತ ತಾನೆ ನಿಮ್ಮ ತಕರಾರು? ಹದಿನಾಲ್ಕು ವರ್ಸ ಆ ಊರಿನ ನೀರು ಕುಡ್ದಿವ್ನಿ. ಈಗ ನಂಗೆ ಕೊಡಿ, ಕುಡೀತೀನಾ? ಬುಡ್ರಪ್ಪ, ಅದಕ್ಕೆ ಬಿಡುಗಡೆ ಆಗೈತೆ."

ಯಾರೂ ನಗಲಿಲ್ಲ. ಮಾದಯ್ಯ ದಸ್ತಗೀರನ ಕಡೆ ತಿರುಗಿದ.

"ನಿನ್ನ ಕೊರಳ ಬಿಲ್ಲೆ ನಂಬರು ಎಷ್ಟ್ಲಾ?"

"ಯಾವ ಬಿಲ್ಲೆ?"

"ದಿನಕ್ಕೆ ಎಷ್ಟು ತೆಂಗಿನ ನಾರು ಬಡೀತಿದ್ದೆ?"

"ನಾರು ಯಾಕಣ್ಣ ಬಡೀಲಿ? ನಾನು ಇಂಜಿನ್ನಿಗೆ ಎಣ್ಣೆ ಬುಡ್ತಿದ್ದೆ."

"ಬೆಳಿಗ್ಗೆ ಗಂಜಿ ಎಂಗಿರ್ತಿತ್ತು?"

"ಗಂಜಿ ಇಲ್ಲ ಕಣಣ್ಣ. ಬ್ರೆಡ್ಡು, ಎರಡು ಮೊಟ್ಟೆ ಕೊಡೋರು."

ಮಾದಯ್ಯ ಜನರ ಕಡೆ ಕೈಚಾಚಿದ. "ಮೊಟ್ಟೆಯಂತೆ! ಕೇಳಿದ್ರಾ? ಇವನು ಆ ಜೈಲಿನ ಬಾಗ್ಲೂ ಕಂಡಿಲ್ಲ. ಇವನ ಬೆನ್ನು ನೋಡಿ, ಅಂಗೈ ನೋಡಿ. ಇಂಥ ಕೈ ಇಟ್ಕೊಂಡು ಅಲ್ಲಿಂದ ಯಾವನೂ ಬರಕಿಲ್ಲ." ತನ್ನ ಅಂಗೈಯನ್ನು ಬಿಡಿಸಿ ಪಾಷಾರ ಮುಂದೆ ಹಿಡಿದ. ಪಾಷಾ ಜೀವಮಾನವೆಲ್ಲ ಸುತ್ತಿಗೆ ಹಿಡಿದವರು. ಆದರೂ ಆ ಅಂಗೈಯನ್ನು ಹೆಚ್ಚು ಹೊತ್ತು ನೋಡಲಾರದೆ ಮುಖ ತಿರುಗಿಸಿದರು.

ಹೀಗೆ ದಸ್ತಗೀರ್ ಪರೀಕ್ಷೆಯ ಎಲ್ಲ ಪ್ರಶ್ನೆಗಳಿಗೂ ತಪ್ಪು ಉತ್ತರ ಕೊಟ್ಟು ಪಾಸಾದ. ಅದೇ ತಿಂಗಳು ನಿಕಾಹ್ ಆಯಿತು. ಸಾಹೇಬನನ್ನು ಕೊಂದ ಕಥೆ ಕಟ್ಟಿದವರೇ ಮುಂದಿನ ಸಾಲಿನಲ್ಲಿ ಕೂತು ಬಿರಿಯಾನಿ ತಿಂದರು. ಆಡನ್ನು ಕಡಿಯುವ ಮಾತು ಬಂದಾಗ ಮೆಹರುನ್ನೀಸಾ, "ಅದು ನನ್ನ ಕಡೆ ಸಾಕ್ಷಿ" ಎಂದು ಬಿಡಿಸಿಕೊಂಡಳು.

ಆಮೇಲೆ ಶುರುವಾಯಿತು ಮಾದಯ್ಯನ ಬರವು. ಮಂಡ್ಯದ ಸಂತೆಗೆ ಬಂದಾಗಲೆಲ್ಲ ರಿಪೇರಿ ಶೆಡ್ಡಿಗೆ ಬಂದು, ಆಯಿಲ್ ಡ್ರಮ್ಮಿನ ಮೇಲೆ ಕೂತು, "ಆ ಹಕ್ಕಿ ಇಸ್ಯ ಯೋಳ್ಲಾ" ಎನ್ನುತ್ತಿದ್ದ. ಹದಿನಾಲ್ಕು ವರ್ಷ ಅವನು ಕಂಡದ್ದು ಗೋಡೆ, ನಾರು, ಜಮಾದಾರನ ಬೂಟು. ಅದೇ ಸಮುದ್ರದಲ್ಲಿ, ಅದೇ ಗಾಳಿಯಲ್ಲಿ ಇಂಥವೆಲ್ಲ ಇದ್ದವು ಎಂಬುದು ಅವನಿಗೆ ಕೊನೆಯವರೆಗೂ ಅರಗಲಿಲ್ಲ. ದಸ್ತಗೀರ್ ಬೇಸರವಿಲ್ಲದೆ ಹೇಳುತ್ತಿದ್ದ. ಒಂದು ಸಲಕ್ಕೂ ಒಂದು ಹಕ್ಕಿ ಹೆಚ್ಚು ಸೇರಿಸಲಿಲ್ಲ.

"ಒಳಗಿರೋ ಹೆಣ್ಣು ಆಮೇಲೆ ಏನಾಯ್ತದೆ?"

"ರೆಕ್ಕೆ ಪುಕ್ಕ ಎಲ್ಲ ಉದುರಿ ಹೊಸದು ಬತ್ತದಂತೆ ಕಣಣ್ಣ. ಆಮೇಲೆ ಗೋಡೆ ಒಡ್ಕೊಂಡು ಆಚೆ ಬತ್ತದೆ."

"ಗಂಡು ಅಲ್ಲಿಗಂಟ ತಪ್ಪದೆ ಬತ್ತದಾ?"

"ತಪ್ಪದೆ ಬತ್ತದೆ."

"ನಮ್ಮ ಬೆಟ್ಟಮ್ಮನ ಥರ" ಎಂದು ಮಾದಯ್ಯ ಬೀಡಿ ಹಚ್ಚುತ್ತಿದ್ದ.

ಯುದ್ಧ ಬಂತು. ಸಾಹೇಬನ ಹಡಗನ್ನು ಸರ್ಕಾರ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಸಾಹೇಬನ ಮಗನಿಂದ ಕಾಗದ ಬಂತು: ಹಡಗೂ ಇಲ್ಲ, ತಂದೆಯೂ ಇಲ್ಲ. ಅದನ್ನು ದಸ್ತಗೀರನಿಗೆ ಓದಿ ಹೇಳಿದವನು ನಾನೇ. ಅಂಡಮಾನಿನ ಕೈದಿಗಳನ್ನೆಲ್ಲ ಬಿಟ್ಟು ಕಳಿಸಿದರು ಎಂಬ ಸುದ್ದಿಯೂ ಪತ್ರಿಕೆಯಲ್ಲಿ ಬಂದಿತ್ತು.

ನಲವತ್ತೇಳರ ಬೇಸಿಗೆಯಲ್ಲಿ ಮಾದಯ್ಯ ಕೊನೆಯ ಸಲ ಬಂದ. ಕಾಲು ಊದಿಕೊಂಡಿತ್ತು, ಎರಡು ಮಾತಿಗೊಮ್ಮೆ ಕೆಮ್ಮು. ಗಾಡಿಯಿಂದ ಇಳಿಸಲು ಇಬ್ಬರು ಬೇಕಾಯಿತು. ನಾನೂ ಶೆಡ್ಡಿನಲ್ಲಿದ್ದೆ. ಮುದಿಯಾದ ಆಡು ಮೂಲೆಯಲ್ಲಿ ಸೊಪ್ಪು ಮೆಲ್ಲುತ್ತಿತ್ತು.

"ಲೇ ದಸ್ತಗೀರ, ಜೈಲು ಖಾಲಿ ಆಯ್ತಂತೆ. ಈಗ ಅಲ್ಲೀಗೆ ಯಾರು ಬೇಕಾದ್ರೂ ಓಗ್ಬೋದಂತೆ. ನಿಮ್ಮ ಸಾಹೇಬನ ಅಡಗು ತಿರ್ಗಾ ಯಾವಾಗ ಹೊರಡ್ತದೆ?"

ದಸ್ತಗೀರ್ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿದ. ಇನ್ನೊಮ್ಮೆ ಒರೆಸಿದ. ಆ ಬಾಯಿಯಿಂದ ಏನು ಬರುತ್ತದೋ ಎಂದು ನನಗೆ ಹೆದರಿಕೆಯಾಯಿತು.

"ಬರೋ ಚಳಿಗಾಲಕ್ಕೆ ಕಣಣ್ಣ," ಎಂದ. "ಸಾಹೇಬ್ರು ಕಾಗದ ಹಾಕವ್ರೆ. ನಿಮ್ಮನ್ನೂ ಕರ್ಕೊಂಡು ಬಾ ಅಂದವ್ರೆ."

ಒಳಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಮೆಹರುನ್ನೀಸಾ ಗಂಡನ ಮುಖ ನೋಡಿದಳು. ಅವನಿಗೂ ಸುಳ್ಳು ಹೇಳಲು ಬರುತ್ತದೆ ಎಂದು ಅವಳಿಗೂ ನನಗೂ ಅಂದೇ ಗೊತ್ತಾದದ್ದು.

ಮಾದಯ್ಯ ಸಂತೋಷದಿಂದ ನನ್ನ ಕಡೆ ವಾಲಿದ. "ಸ್ವಾಮಿ, ಮದರಾಸಿಗೆ ಟಿಕೀಟು ನೀವೇ ಕೊಡಬೇಕು. ಓದ್ಸಲ ಸರ್ಕಾರದ ಖರ್ಚಾಗೆ ಓಗಿದ್ದೆ. ಈ ಸಲ ನಂದೇ ದುಡ್ಡು. ಇಬ್ರಿಗೆ ಬರ್ಕಳಿ, ಬೆಟ್ಟಮ್ಮನೂ ನೋಡ್ಲಿ."

ನಾನು ಜೇಬಿನಿಂದ ಪೆನ್ಸಿಲ್ ತೆಗೆದು ಒಂದು ಚೀಟಿಯ ಮೇಲೆ ಬರೆದುಕೊಂಡೆ: ಪೂರಿಗಾಲಿ ಮಾದಯ್ಯ, ಹೆಂಡತಿ ಬೆಟ್ಟಮ್ಮ, ಎರಡು ಟಿಕೆಟ್ಟು, ಹೋಗಿ ಬರುವುದಕ್ಕೆ.